ಜೊತೆಗೆ ಕಂಡ ಗಿಡಗಳೆಲ್ಲ ಒಂದಕ್ಕೊಂದು ನೆರವಾಗುತ್ತವೆಯೇ?

ಪ್ರಶ್ನೆ: ನಾನು ಸಸ್ಯಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿನಿ. ಕುದುರೆಮುಖದ ಹುಲ್ಲುಗಾವಲಿನಲ್ಲಿ ಒಂದು ಚದರ ಮೀಟರಿನ 50 ಕ್ವಾಡ್ರಾಟ್ (ಗಿಡಗಳನ್ನು ಎಣಿಸಲು ನೆಲದ ಮೇಲೆ ಗುರುತಿಸುವ ಚೌಕ) ಹಾಕಿದೆ. 30ರಲ್ಲಿ ಒಂದು ಜಾತಿಯ ಹುಲ್ಲು, 25ರಲ್ಲಿ ಒಂದು ದ್ವಿದಳ (ಅವರೆ, ಹುರುಳಿಯ ಕುಟುಂಬದ) ಗಿಡ, 21ರಲ್ಲಿ ಎರಡೂ ಸಿಕ್ಕವು. ಗಿಡದ ಬೇರುಗಂಟುಗಳಲ್ಲಿನ ಬ್ಯಾಕ್ಟೀರಿಯಾ ಗಾಳಿಯಿಂದ ಹಿಡಿದಿಡುವ ಸಾರಜನಕ ಹುಲ್ಲಿಗೆ ನೆರವಾಗುತ್ತಿದೆ ಎಂದು ಪ್ರಬಂಧದಲ್ಲಿ ಬರೆಯಬಹುದೇ?

ಉತ್ತರ: ಈಗಲೇ ಬೇಡ. ಎರಡಕ್ಕೂ ಸಂಬಂಧವೇ ಇಲ್ಲದಿದ್ದರೆ ಅವು ಒಟ್ಟಿಗೆ ಸಿಗಬೇಕಾದದ್ದು ಸುಮಾರು 15 ಕಡೆ (30 × 25 ÷ 50). ನಿಮಗೆ 21 ಸಿಕ್ಕಿವೆ. ಎರಡೂ ಇರುವುದು 21, ಹುಲ್ಲು ಮಾತ್ರ 9, ಗಿಡ ಮಾತ್ರ 4, ಎರಡೂ ಇಲ್ಲದ್ದು 16 ಎಂದು ಕೋಷ್ಟಕ ಬರೆದು ಕೈ-ಸ್ಕ್ವೇರ್ (ಸಿಕ್ಕ ಎಣಿಕೆ ನಿರೀಕ್ಷೆಯಿಂದ ಎಷ್ಟು ದೂರವಿದೆ ಎಂದು ಅಳೆಯುವ ಪರೀಕ್ಷೆ) ಲೆಕ್ಕ ಹಾಕಿದರೆ 12 ಬರುತ್ತದೆ. ಶೇ 5ರ ಮಟ್ಟಕ್ಕೆ, ಅಂದರೆ ನಂಟಿಲ್ಲದೆಯೂ ಇಷ್ಟು ವ್ಯತ್ಯಾಸ ಬರುವ ಸಾಧ್ಯತೆ ನೂರರಲ್ಲಿ ಐದಕ್ಕಿಂತ ಕಡಿಮೆ ಎನ್ನಲು, 3.84 ದಾಟಿದರೆ ಸಾಕು. ಆದ್ದರಿಂದ ಇವು ಜೊತೆಗಿರುವುದು ಬರಿಯ ಆಕಸ್ಮಿಕವಲ್ಲ ಎಂದು ಧೈರ್ಯವಾಗಿ ಬರೆಯಿರಿ. ಯಾಕೆ ಜೊತೆಗಿವೆ ಎಂಬುದನ್ನು ಮಾತ್ರ ಈ ಪರೀಕ್ಷೆ ಹೇಳುವುದಿಲ್ಲ.

ಆ ಗುಡ್ಡಗಳಲ್ಲಿ ನಾಲ್ಕು ಹೆಜ್ಜೆಗೆ ಮಣ್ಣಿನ ಆಳ ಬದಲಾಗುತ್ತದೆ. ನಿಮ್ಮ ಕ್ವಾಡ್ರಾಟುಗಳಲ್ಲಿ 25 ಆಳದ ಮಣ್ಣಿನವು, 25 ಬಂಡೆಯ ಮೇಲಿನ ತೆಳು ಮಣ್ಣಿನವು ಎಂದುಕೊಳ್ಳಿ. ಆಳದಲ್ಲಿ ಹುಲ್ಲು 24, ಗಿಡ 21, ಎರಡೂ 20. ತೆಳುವಿನಲ್ಲಿ ಹುಲ್ಲು 6, ಗಿಡ 4, ಎರಡೂ 1. ಈಗ ನಿರೀಕ್ಷೆಯ ಲೆಕ್ಕವನ್ನು ಬೇರೆ ಬೇರೆ ಮಾಡಿ: 20.16 ಮತ್ತು 0.96. ಸಿಕ್ಕದ್ದೂ ಹೆಚ್ಚುಕಡಿಮೆ ಅಷ್ಟೇ, 20 ಮತ್ತು 1. ಅಷ್ಟು ಬಲವಾಗಿ ಕಂಡ ನಂಟು ಪೂರ್ತಿ ಕರಗಿತು! ಎರಡಕ್ಕೂ ಆಳದ ಮಣ್ಣು ಬೇಕಿತ್ತು, ಅಷ್ಟೆ. ಹಾಗಾಗಿ ಮಣ್ಣಿನ ಆಳ, ತೇವ, ಇಳಿಜಾರು, ಬೆಂಕಿಯ ಗುರುತು ಇವನ್ನು ಪ್ರತಿ ಕ್ವಾಡ್ರಾಟಿಗೂ ಬರೆದಿಟ್ಟುಕೊಳ್ಳದ ಸಮೀಕ್ಷೆ ನನ್ನ ದೃಷ್ಟಿಯಲ್ಲಿ ಅರ್ಧ ಸಮೀಕ್ಷೆ.

ಕ್ವಾಡ್ರಾಟಿನ ಅಳತೆಯನ್ನೂ ಬದಲಿಸಿ ನೋಡಿ. ತೀರಾ ಚಿಕ್ಕದಾದರೆ ಒಂದು ಬುಡದ ಹುಲ್ಲೇ ಜಾಗ ತುಂಬಿ, ಎರಡೂ ದೂರ ಸರಿಯುವಂತೆ ಕಾಣಬಹುದು. ಇನ್ನೊಂದು ಮಾತು: 20 ಜಾತಿಗಳನ್ನು ಜೋಡಿಜೋಡಿಯಾಗಿ ಪರೀಕ್ಷಿಸಿದರೆ 190 ಜೋಡಿ. ಯಾವ ನಂಟೂ ಇಲ್ಲದಿದ್ದರೂ ಒಂಬತ್ತು ಹತ್ತು ಜೋಡಿ ‘ಮಹತ್ವದ್ದು’ ಎಂದು ಬರುತ್ತವೆ. ಅದಕ್ಕೆ ಆ ಶೇ 5ರ ಮಟ್ಟವನ್ನು ಬಿಗಿ ಮಾಡುವ ತಿದ್ದುಪಡಿ ಮಾಡಲೇಬೇಕು.

ಸಾರಜನಕದ ಮಾತಿಗೆ ಪ್ರಯೋಗವೇ ಬೇಕು. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1856ರಿಂದ ನಡೆಯುತ್ತಿರುವ ಪಾರ್ಕ್ ಗ್ರಾಸ್ ಎಂಬ ಹುಲ್ಲುಗಾವಲಿನ ಗೊಬ್ಬರ ಪ್ರಯೋಗದಲ್ಲಿ ಸಾರಜನಕವಿಲ್ಲದೆ ರಂಜಕ, ಪೊಟ್ಯಾಸಿಯಂ ಹಾಕಿದ ತಾಕುಗಳಲ್ಲಿ ದ್ವಿದಳ ಸಸ್ಯಗಳು ಹೆಚ್ಚಿದವು. ಸಾರಜನಕ ಸುರಿದಲ್ಲಿ ಹುಲ್ಲುಗಳು ಮೇಲುಗೈ ಪಡೆದು ಜಾತಿಗಳ ಸಂಖ್ಯೆ ಕುಸಿಯಿತು. ನೀವು ಕೆಲವು ತಾಕುಗಳಲ್ಲಿ ದ್ವಿದಳ ಗಿಡ ಕಿತ್ತು, ಪಕ್ಕದವನ್ನು ಹಾಗೆಯೇ ಬಿಟ್ಟು, ಹುಲ್ಲಿನ ಬೆಳವಣಿಗೆ ಹೋಲಿಸಬೇಕಾಗುತ್ತದೆ. ರಾಷ್ಟ್ರೀಯ ಉದ್ಯಾನದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಂದು ಗಿಡವನ್ನೂ ಕೀಳಬೇಡಿ. ಅನುಮತಿ ಸಿಗದಿದ್ದರೆ ಅದೇ ಜಾತಿಗಳನ್ನು ಕಾಲೇಜಿನ ಅಂಗಳದಲ್ಲಿ ಕುಂಡಗಳಲ್ಲಿ ಜೊತೆಯಾಗಿಯೂ ಒಂಟಿಯಾಗಿಯೂ ಬೆಳೆಸಿ ನೋಡಬಹುದು. ಬೀಜ ತರುವುದಕ್ಕೂ ಕೇಳಿಯೇ ತನ್ನಿ.