ಅಪ್‌ಡೇಟ್ ಆದ ಮೇಲೆ ಗೇಮ್ ತೆವಳುತ್ತಿದೆಯಾ? ಫಾರ್ಮ್ಯಾಟ್ ಮಾಡೋಕೆ ಮುಂಚೆ ಇಷ್ಟು ನೋಡಿ

ಗುರುಗಳೇ, ಮೊದಲು ಆ ಪೆನ್‌ಡ್ರೈವ್ ಪಕ್ಕಕ್ಕಿಡಿ. ನಿಮ್ಮ ಪೋಸ್ಟಿಗೆ ಮೇಲೆ ಇಬ್ಬರು ಫಾರ್ಮ್ಯಾಟ್ ಮಾಡಿ ಅಂದಿದ್ದಾರೆ, ಒಬ್ಬರು ರ‍್ಯಾಮ್ ಹಾಕಿಸಿ ಅಂದಿದ್ದಾರೆ. ಎರಡೂ ಈಗಲೇ ಬೇಡ. ನೀವು ಬರೆದಿರುವುದು ಇಷ್ಟು: ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್, ಹೋದ ವಾರ ವಿಂಡೋಸ್ 11 ಅಪ್‌ಡೇಟ್ ಆಯ್ತು, ಅವತ್ತಿನಿಂದ ಜಿಟಿಎ 5ರಲ್ಲಿ 90 ಬರುತ್ತಿದ್ದ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) 35ಕ್ಕೆ ಬಿದ್ದಿದೆ, ಫ್ಯಾನ್ ಕೂಡ ಮೊದಲಿನ ಹಾಗೆ ಕೂಗುತ್ತಿಲ್ಲ. ನನ್ನ ಕಿವಿ ನಿಮಿರಿದ್ದು ಈ ಕೊನೆಯ ಮಾತಿಗೆ. ಗೇಮ್ ಆಡುವಾಗ ಫ್ಯಾನ್ ತಣ್ಣಗೆ ಕೂತಿದೆ ಅಂದರೆ ಕಾರ್ಡ್ ದುಡಿಯುತ್ತಲೇ ಇಲ್ಲ ಅನ್ನೋ ಅನುಮಾನ ಬರುತ್ತದೆ.

ಗೇಮ್ ಓಡುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆಯಿರಿ, ಪರ್ಫಾರ್ಮೆನ್ಸ್ ಟ್ಯಾಬ್‌ಗೆ ಹೋಗಿ. ಅಲ್ಲಿ ಎರಡು ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್, ಕಾಣಬೇಕು. ಒಂದು ಪ್ರೊಸೆಸರ್ ಜೊತೆಗೇ ಬರುವ ಚಿಕ್ಕದು, ಇನ್ನೊಂದು ಎನ್‌ವಿಡಿಯಾ, ಅಂದರೆ ನಿಮ್ಮ 3050. ಚಿಕ್ಕದು 90 ಪರ್ಸೆಂಟ್ ದಾಟಿ ಒದ್ದಾಡುತ್ತಿದ್ದು, ಎನ್‌ವಿಡಿಯಾ ಸೊನ್ನೆಯಲ್ಲಿ ಮಲಗಿದ್ದರೆ ಕಳ್ಳ ಸಿಕ್ಕ ಹಾಗೆ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್‌ಗೆ ಹೋಗಿ, ಆ ಗೇಮ್ ಅನ್ನು ಹುಡುಕಿ ಹೈ ಪರ್ಫಾರ್ಮೆನ್ಸ್ ಅಂತ ಆರಿಸಿ. ಗೇಮ್ ಮುಚ್ಚಿ ಮತ್ತೆ ತೆಗೆಯಿರಿ. ಪಟ್ಟಿಯಲ್ಲಿ ಎನ್‌ವಿಡಿಯಾ ಹೆಸರೇ ಇಲ್ಲದಿದ್ದರೆ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಹಾರಿಹೋಗಿರಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನವೋ, ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಅನ್ನೋ ಹೆಸರೋ ಇದೆಯಾ ನೋಡಿ.

ಎನ್‌ವಿಡಿಯಾ ಓಡುತ್ತಿದೆ, ಆದರೂ ಸ್ಪೀಡ್ ಇಲ್ಲ ಅಂದರೆ ಚಾರ್ಜರ್ ನೋಡಿ. ನಗಬೇಡಿ. ನನಗೂ ಒಮ್ಮೆ ಹೀಗೇ ಅಪ್‌ಡೇಟ್ ಆದ ವಾರವೇ ಎಫ್‌ಪಿಎಸ್ ಅರ್ಧಕ್ಕೆ ಇಳಿದಿತ್ತು. ಎರಡು ರಾತ್ರಿ ನಿದ್ದೆ ಕೆಟ್ಟು ಡ್ರೈವರ್ ಬದಲಾಯಿಸಿದೆ, ಆಮೇಲೆ ಲ್ಯಾಪ್‌ಟಾಪ್ ಹೆಗಲಿಗೇರಿಸಿ ಮೆಟ್ರೋ ಹತ್ತಿ ಬೆಂಗಳೂರಿನ ಎಸ್‌.ಪಿ. ರೋಡಿನ ಕಂಪ್ಯೂಟರ್ ಅಂಗಡಿಗೆ ಹೋದೆ. ಅಲ್ಲೊಬ್ಬರು ತಿರುಗಿಸಿ ನೋಡಿ ಮದರ್‌ಬೋರ್ಡ್ ಹೋಗಿದೆ ಅಂದುಬಿಟ್ಟರು, ಎಂಟು ಸಾವಿರ ಆಗುತ್ತದೆ ಅಂದರು. ಮನೆಗೆ ಬಂದು ಬ್ಯಾಗ್ ಬಿಚ್ಚಿದಾಗ ಗೊತ್ತಾಯ್ತು, ವಾರದಿಂದ ನಾನು ಚುಚ್ಚಿಕೊಂಡಿದ್ದದ್ದು ಆಫೀಸ್ ಲ್ಯಾಪ್‌ಟಾಪಿನ 65 ವ್ಯಾಟಿನ ಟೈಪ್-ಸಿ ಚಾರ್ಜರ್. ಗೇಮಿಂಗ್ ಲ್ಯಾಪ್‌ಟಾಪಿನ ಸ್ವಂತ ಚಾರ್ಜರ್ ಇಟ್ಟಿಗೆ ಥರ ಇತ್ತಲ್ಲ, 180 ವ್ಯಾಟ್, ಅದು ಮಂಚದ ಕೆಳಗೆ ಬಿದ್ದಿತ್ತು. ಬ್ಯಾಟರಿ ಏರುತ್ತಿತ್ತು, ಪ್ಲಗ್ ಚಿಹ್ನೆಯೂ ಕಾಣುತ್ತಿತ್ತು, ಅದಕ್ಕೇ ಅನುಮಾನ ಬರಲಿಲ್ಲ. ಕರೆಂಟ್ ಸಾಲದಿದ್ದರೆ ಲ್ಯಾಪ್‌ಟಾಪ್ ತಾನಾಗಿಯೇ ಕಾರ್ಡಿನ ವೇಗ ತಗ್ಗಿಸುತ್ತದೆ. ಅಪ್‌ಡೇಟಿಗೆ ಸುಮ್ನೆ ಬೈದಿದ್ದೆ.

ಚಾರ್ಜರ್ ಸರಿಯಿದ್ದರೆ ಪವರ್ ಮೋಡ್ ಬೆಸ್ಟ್ ಪರ್ಫಾರ್ಮೆನ್ಸ್‌ನಲ್ಲಿದೆಯಾ ನೋಡಿ. ಲ್ಯಾಪ್‌ಟಾಪ್ ಕಂಪನಿಯ ಆ್ಯಪ್‌ನಲ್ಲೂ ಸೈಲೆಂಟ್ ಮೋಡ್ ಅಂತ ಬೇರೆ ಇರುತ್ತದೆ, ಫ್ಯಾನ್ ಕೂಗದಿರುವುದಕ್ಕೆ ಅದೂ ಕಾರಣ ಆಗಬಹುದು. ಅಡ್ವಾನ್ಸ್ಡ್ ಡಿಸ್‌ಪ್ಲೇಯಲ್ಲಿ ಸ್ಕ್ರೀನಿನ ರಿಫ್ರೆಶ್ ರೇಟ್ 144 ಹರ್ಟ್ಸ್ ಇದ್ದದ್ದು 60ಕ್ಕೆ ಬಂದಿದೆಯಾ ಅಂತಲೂ ಒಂದು ಕಣ್ಣು ಹಾಯಿಸಿ.

ಹಾಗಂತ ಅಪ್‌ಡೇಟ್ ಯಾವಾಗಲೂ ನಿರಪರಾಧಿ ಅಂತಲ್ಲ. 2024ರ ಅಕ್ಟೋಬರ್‌ನಲ್ಲಿ ವಿಂಡೋಸ್ 11ರ 24ಎಚ್2 ವರ್ಷನ್ ಬಂದಾಗ ಅಸ್ಯಾಸಿನ್ಸ್ ಕ್ರೀಡ್ ಸರಣಿಯ ಕೆಲವು ಗೇಮ್‌ಗಳು ಹ್ಯಾಂಗ್ ಆಗುತ್ತಿದ್ದವು, ಆ ಗೇಮ್ ಇದ್ದ ಕಂಪ್ಯೂಟರ್‌ಗಳಿಗೆ ಮೈಕ್ರೋಸಾಫ್ಟೇ ಅಪ್‌ಡೇಟ್ ತಡೆಹಿಡಿದಿತ್ತು. 2025ರ ಅಕ್ಟೋಬರ್‌ನ ಕೆಬಿ5066835 ಅನ್ನೋ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಕೆಲವು ಗೇಮ್‌ಗಳ ವೇಗ ಇಳಿಯುತ್ತಿದೆ ಅಂತ ಎನ್‌ವಿಡಿಯಾ 581.94 ಅನ್ನೋ ಹಾಟ್‌ಫಿಕ್ಸ್ ಡ್ರೈವರ್ ಬಿಟ್ಟಿತು. ಹಾಗಾಗಿ ನಿಮ್ಮ ಡ್ರೈವರ್ ಅದಕ್ಕಿಂತ ಹಳೆಯದಾಗಿದ್ದರೆ ಈಗಿನದ್ದಕ್ಕೆ ಏರಿಸಿ. ವಿಂಡೋಸ್ ತಾನೇ ಹಾಕಿದ ಡ್ರೈವರ್ ಇದ್ದರೆ ಡಿಡಿಯು ಅನ್ನೋ ಪ್ರೋಗ್ರಾಂ ಇಳಿಸಿಕೊಂಡು, ನೆಟ್ ಕಿತ್ತು, ಸೇಫ್ ಮೋಡ್‌ನಲ್ಲಿ ಹಳೆಯದನ್ನು ಪೂರ್ತಿ ಒರೆಸಿ ಹೊಸದು ಹಾಕಿ. ನೆಟ್ ಯಾಕೆ ಕೀಳಬೇಕು ಅಂದರೆ, ನೀವು ಒರೆಸಿ ಕೈ ತೊಳೆಯುವಷ್ಟರಲ್ಲಿ ವಿಂಡೋಸ್ ಮತ್ತೆ ತನ್ನದನ್ನೇ ತಂದು ಕೂರಿಸಿರುತ್ತದೆ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಸೇಫ್ ಮೋಡಿಗೆ ಹೋಗುವಾಗ ರಿಕವರಿ ಕೀ ಕೇಳಬಹುದು, ಮೊದಲೇ ಬರೆದಿಟ್ಟುಕೊಳ್ಳಿ. ಹೊಸ ಡ್ರೈವರ್ ಹಾಕಿದ ಮೇಲೆ ಮೊದಲ ಸಲ ಗೇಮ್ ತೆಗೆದಾಗ ಕೆಲವು ಗೇಮ್‌ಗಳು ತಡವರಿಸುತ್ತವೆ, ಚಿತ್ರ ಬಿಡಿಸೋಕೆ ಬೇಕಾದ ಶೇಡರ್ ಅನ್ನೋ ಚಿಕ್ಕ ಪ್ರೋಗ್ರಾಂಗಳನ್ನು ಮತ್ತೆ ಕಟ್ಟಿಕೊಳ್ಳಬೇಕಲ್ವಾ. ಒಂದರ್ಧ ಗಂಟೆ ಆಡಿ ಆಮೇಲೆ ಲೆಕ್ಕ ಹಾಕಿ.

ಮೆಮೊರಿ ಇಂಟೆಗ್ರಿಟಿ ಅನ್ನೋ ಸುರಕ್ಷತಾ ಸೆಟ್ಟಿಂಗ್ ಆಫ್ ಮಾಡಿ ಅಂತ ಯೂಟ್ಯೂಬ್‌ನಲ್ಲಿ ಎಲ್ಲರೂ ಹೇಳುತ್ತಾರೆ. ವಿಂಡೋಸ್ ಸೆಕ್ಯುರಿಟಿಯ ಕೋರ್ ಐಸೊಲೇಶನ್ ಒಳಗಿದೆ. ಗೇಮ್ ಆಡುವಾಗ ಆಫ್ ಮಾಡಿ, ಮುಗಿದ ಮೇಲೆ ಆನ್ ಮಾಡಬಹುದು ಅಂತ ಮೈಕ್ರೋಸಾಫ್ಟೇ ಹೇಳಿದೆ. ಹಳೆಯ ಪ್ರೊಸೆಸರ್ ಆದರೆ ವ್ಯತ್ಯಾಸ ಕಾಣುತ್ತದೆ. ನಿಮ್ಮದರಲ್ಲಿ 90 ಇದ್ದದ್ದು 35 ಆಗುವಷ್ಟು ಏಟು ಅದೊಂದರಿಂದ ಬೀಳುವುದಿಲ್ಲ. ಅದೇ ಲ್ಯಾಪ್‌ಟಾಪ್‌ನಲ್ಲಿ ಬ್ಯಾಂಕ್ ಕೆಲಸ ಮಾಡುವವರಾದರೆ ನಾನಂತೂ ಮುಟ್ಟಬೇಡಿ ಅಂತೀನಿ. ಸೆಕ್ಯೂರ್ ಬೂಟ್, ಟಿಪಿಎಂ ಅನ್ನೋ ಸುರಕ್ಷತಾ ಸೆಟ್ಟಿಂಗ್‌ಗಳಿಗೂ ಕೈ ಹಾಕಬೇಡಿ, ವಿಂಡೋಸ್ 11ರಲ್ಲಿ ವ್ಯಾಲರಂಟ್ ಗೇಮ್ ಆಡೋಕೆ ಅವೆರಡೂ ಬೇಕು.

ಇಷ್ಟಾದರೂ ಜಗ್ಗದಿದ್ದರೆ ಹಿಂದಕ್ಕೆ ಹೋಗಿ. ತಿಂಗಳ ಅಪ್‌ಡೇಟ್ ಆದರೆ ಅಪ್‌ಡೇಟ್ ಹಿಸ್ಟರಿಯಲ್ಲಿ ಅನ್‌ಇನ್‌ಸ್ಟಾಲ್ ಇದೆ. ವರ್ಷನ್ನೇ ಬದಲಾಗಿದ್ದರೆ ರಿಕವರಿಯಲ್ಲಿ ಗೋ ಬ್ಯಾಕ್ ಇದೆ, ಆದರೆ ಅದು 10 ದಿನ ಮಾತ್ರ. ನಿಮಗೆ ಆಗಲೇ ಒಂದು ವಾರ ಕಳೆದಿದೆ. ಜಾಗ ಸಾಲದು ಅಂತ ಡಿಸ್ಕ್ ಕ್ಲೀನಪ್ ಮಾಡಿ ಹಳೆಯ ವಿಂಡೋಸ್ ಫೋಲ್ಡರ್ ಅಳಿಸಿಬಿಟ್ಟರೆ ಆ ದಾರಿಯೂ ಮುಚ್ಚುತ್ತದೆ, ಹುಷಾರು.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಗೇಮ್‌ನ ಒಂದೇ ಜಾಗದಲ್ಲಿ ನಿಂತು ಎಫ್‌ಪಿಎಸ್ ಬರೆದುಕೊಳ್ಳಿ. ಇವತ್ತು ರಾತ್ರಿ ಟಾಸ್ಕ್ ಮ್ಯಾನೇಜರ್ ಫೋಟೋ ಹಾಕಿ, ಎರಡೂ ಜಿಪಿಯು ಕಾಣುವ ಹಾಗೆ. ಚಾರ್ಜರ್ ಹಿಂದಿನ ಲೇಬಲ್ಲಿನ ಫೋಟೋನೂ ಇರಲಿ.