ರಾತ್ರಿಯ ವಿಡಿಯೊ ಕಾಲ್‌ನಲ್ಲಿ ಆ ಪ್ರಶ್ನೆ ಬೇಡ

ಪ್ರಶ್ನೆ: ನಾನು ಉಡುಪಿಯವಳು. ತಂಗಿ ಸುರತ್ಕಲ್‌ನಲ್ಲಿದ್ದಾಳೆ, ಅವಳ ಗಂಡ ದುಬೈಯಲ್ಲಿ. ಎಂಟು ವರ್ಷದ ಮಗಳ ಮೇಲೆ ಗಂಡನ ಕಡೆಯ ಸಂಬಂಧಿಯೊಬ್ಬ ಲೈಂಗಿಕ ದೌರ್ಜನ್ಯ ಎಸಗಿದ್ದು ಕಳೆದ ತಿಂಗಳು ಗೊತ್ತಾಯಿತು. ದೂರು ಕೊಟ್ಟಿದ್ದೇವೆ, ಅವನ ಬಂಧನವೂ ಆಗಿದೆ. ತಂಗಿ ಈಗ ಊಟ, ನಿದ್ದೆ ಬಿಟ್ಟಿದ್ದಾಳೆ. ಮಗಳನ್ನು ಶಾಲೆಗೆ ಕಳಿಸುತ್ತಿಲ್ಲ. ಅವಳ ಗಂಡ ದಿನಾ ರಾತ್ರಿ ವಿಡಿಯೊ ಕಾಲ್ ಮಾಡಿ ಮಗುವಿನ ಹತ್ತಿರ ‘ಏನಾಯ್ತು, ಸರಿಯಾಗಿ ಹೇಳು’ ಎಂದು ಕೇಳುತ್ತಾರೆ. ಅತ್ತೆಮನೆಯವರು ‘ಆಣೆ-ಪ್ರಮಾಣ ಮಾಡಿಸಿ ಕೇಸು ಮುಗಿಸೋಣ’ ಎನ್ನುತ್ತಿದ್ದಾರೆ. ಅಕ್ಕನಾಗಿ ನಾನೇನು ಮಾಡಲಿ?

ಉತ್ತರ: ಮಗುವಿನ ಮಾತು ನಂಬಿ ದೂರು ಕೊಟ್ಟ ನಿಮ್ಮ ತಂಗಿ ಬಹಳ ಕಷ್ಟದ ಕೆಲಸವನ್ನು ಆಗಲೇ ಮಾಡಿದ್ದಾರೆ. ಇದನ್ನು ಅವರಿಗೆ ಬಾಯಿಬಿಟ್ಟು ಹೇಳಿ. ಇಂಥ ಮಕ್ಕಳು ಚೇತರಿಸಿಕೊಳ್ಳುವುದು ಮುಖ್ಯವಾಗಿ ಅಪ್ಪ-ಅಮ್ಮನ ಆಸರೆಯಿಂದ. ಆ ಅಪ್ಪ-ಅಮ್ಮ ಕುಸಿಯದಂತೆ ನೋಡಿಕೊಳ್ಳುವುದೇ ಈಗ ನಿಮ್ಮ ಪಾಲಿನ ಕೆಲಸ.

ಮೊದಲು ನಿಲ್ಲಬೇಕಾದ್ದು ರಾತ್ರಿಯ ಆ ಪ್ರಶ್ನೆ. ತಂದೆಗೆ ಸಂಕಟವಿದೆ, ತಾನು ಊರಲ್ಲಿ ಇರಲಿಲ್ಲವಲ್ಲ ಎಂಬ ಕೊರಗು ಹಾಗೆ ಹೊರಬರುತ್ತಿದೆ. ಆದರೆ ಮಗುವಿಗೆ ಅನಿಸುವುದು ‘ಅಪ್ಪ ನನ್ನನ್ನು ನಂಬಲಿಲ್ಲ’ ಎಂದು. ಅದೂ ಅಲ್ಲದೆ, ಕೇಳಿದ್ದನ್ನೇ ಕೇಳಿದಾಗ ಮಕ್ಕಳು ದೊಡ್ಡವರ ಮುಖ ನೋಡಿ ಉತ್ತರ ಬದಲಿಸುವುದುಂಟು. ನಾಳೆ ಕೋರ್ಟಿನಲ್ಲಿ ‘ಮನೆಯವರು ಹೇಳಿಕೊಟ್ಟದ್ದು’ ಎಂದು ವಾದಿಸಲು ಅದೇ ಸಾಕು. ಹಾಗಾಗಿ ಮಗು ಮಲಗಿದ ಮೇಲೆ ನೀವೇ ಅವರಿಗೆ ಫೋನ್ ಮಾಡಿ. ಕೇಳುವುದಿದ್ದರೆ ನಿಮ್ಮ ಹತ್ತಿರ ಕೇಳಲಿ, ಅಳುವುದಿದ್ದರೆ ನಿಮ್ಮ ಹತ್ತಿರ ಅಳಲಿ. ಮಗಳ ಹತ್ತಿರ ‘ನಿನ್ನನ್ನು ನಂಬುತ್ತೇನೆ, ನಿನ್ನದೇನೂ ತಪ್ಪಿಲ್ಲ, ಹೇಳಿದ್ದು ಒಳ್ಳೆಯದಾಯಿತು’ ಎಂದರೆ ಸಾಕು. ಆಮೇಲೆ ಅವಳ ಚಿತ್ರ, ಗೆಳತಿ, ಮಧ್ಯಾಹ್ನದ ಊಟದ ಮಾತು. ಮಗು ತಾನಾಗಿ ಏನಾದರೂ ಹೇಳಿದರೆ ನಡುವೆ ಬಾಯಿ ಹಾಕದೆ ಕೇಳಿ, ಅದರದೇ ಮಾತಿನಲ್ಲಿ ತಾರೀಕು ಸಮೇತ ಬರೆದಿಟ್ಟು ತನಿಖಾಧಿಕಾರಿಗೆ ತಿಳಿಸಿ. ‘ಅವನನ್ನು ಬಿಡುವುದಿಲ್ಲ, ಕೊಂದೇ ಹಾಕುತ್ತೇನೆ’ ಎಂಬ ಮಾತಂತೂ ಅದರ ಕಿವಿಗೆ ಬೀಳಲೇಬಾರದು. ತನ್ನಿಂದಾಗಿ ಅಪ್ಪ ಜೈಲಿಗೆ ಹೋಗುತ್ತಾರೆಂದು ಹೆದರಿ ಬಾಯಿ ಮುಚ್ಚಿಕೊಳ್ಳುತ್ತದೆ.

ತಂಗಿಗೆ ‘ಧೈರ್ಯ ತಂದುಕೋ’ ಎನ್ನಬೇಡಿ. ‘ಮೊದಲೇ ಗೊತ್ತಾಗಲಿಲ್ವಾ?’ ಎಂದಂತೂ ಯಾರೂ ಕೇಳದ ಹಾಗೆ ನೋಡಿಕೊಳ್ಳಿ. ಅವರು ತಮ್ಮನ್ನೇ ದಿನಕ್ಕೆ ನೂರು ಸಲ ಅದನ್ನು ಕೇಳಿಕೊಳ್ಳುತ್ತಿರುತ್ತಾರೆ. ವಾರಕ್ಕೆ ಎರಡು ರಾತ್ರಿಯಾದರೂ ಅಲ್ಲೇ ಉಳಿಯಿರಿ. ಮಗು ಒಪ್ಪಿದರೆ ಅದರ ಪಕ್ಕ ನೀವು ಮಲಗಿ, ತಂಗಿ ಬೇರೆ ಕೋಣೆಯಲ್ಲಿ ನಿದ್ದೆ ಮಾಡಲಿ. ಊಟ ಸೇರದಿದ್ದರೆ ಗಂಜಿ-ಉಪ್ಪಿನಕಾಯಿ ಕೊಟ್ಟು ಪಕ್ಕದಲ್ಲೇ ಕೂತಿರಿ. ಸಂಬಂಧಿಕರ ಫೋನುಗಳನ್ನು ನೀವೇ ಎತ್ತಿಕೊಳ್ಳಿ. ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ‘ಬದುಕಿ ಏನು ಪ್ರಯೋಜನ’ ಎಂಬ ಮಾತು ಬಂದರೆ ಎರಡು ವಾರ ಕಾಯುವುದು ಬೇಡ, ಒಂಟಿಯಾಗಿ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.

ಶಾಲೆ ಬಿಡಿಸಿದರೆ ಶಿಕ್ಷೆ ತನಗೇ ಆಯಿತೆಂದು ಮಗು ತಿಳಿಯುತ್ತದೆ. ಮೊದಲ ವಾರ ಅರ್ಧ ದಿನ ಕಳಿಸಿ. ಮಗು ಮೆಚ್ಚಿದ ಒಬ್ಬ ಟೀಚರಿಗೆ ‘ಅತ್ತರೆ ಫೋನ್ ಮಾಡಿ’ ಎಂದಷ್ಟೇ ಹೇಳಿದರೆ ಸಾಕು. ರಾತ್ರಿ ಹಾಸಿಗೆ ಒದ್ದೆ ಮಾಡಿಕೊಂಡರೆ ಸದ್ದಿಲ್ಲದೆ ಬದಲಿಸಿ.

ಇನ್ನು ಆಣೆ-ಪ್ರಮಾಣ. ದೈವ-ದೇವರ ಮೇಲಿನ ನಂಬಿಕೆಗೂ ಈ ಕೇಸಿಗೂ ಸಂಬಂಧವಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ ಕೇಸನ್ನು ಮನೆಯವರು ಕೂತು ರಾಜಿ ಮಾಡಿಕೊಳ್ಳಲು ಬರುವುದಿಲ್ಲ. ಒತ್ತಡ ಹೆಚ್ಚಾದರೆ ಯಾರು, ಯಾವತ್ತು, ಏನು ಹೇಳಿದರು ಎಂದು ಬರೆದು ತನಿಖಾಧಿಕಾರಿಗೆ ಕೊಡಿ. ಫ್ಯಾಮಿಲಿ ಗ್ರೂಪ್‌ನಲ್ಲಿ ಮಗುವಿನ ಹೆಸರು, ಫೋಟೊ, ಶಾಲೆ ಯಾವುದೂ ಬರಬಾರದು; ಅದರ ಗುರುತನ್ನು ಬಹಿರಂಗಪಡಿಸುವುದೇ ಅಪರಾಧ.

ಒಂದು ಫೈಲು ಮಾಡಿ ಎಫ್‌ಐಆರ್ ಪ್ರತಿ, ಆಸ್ಪತ್ರೆಯ ಕಾಗದ ಎಲ್ಲ ಅದರಲ್ಲಿಡಿ. ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗಬೇಕು. 2020ರ ಪೋಕ್ಸೊ ನಿಯಮಗಳ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿಯು ತನಿಖೆಯಿಂದ ವಿಚಾರಣೆಯವರೆಗೆ ಜೊತೆಗಿರಲು ಒಬ್ಬ ಬೆಂಬಲ ವ್ಯಕ್ತಿಯನ್ನು ಕೊಡಬಹುದು. ಇನ್ನೂ ಕೊಟ್ಟಿಲ್ಲವಾದರೆ ಲಿಖಿತವಾಗಿ ಕೇಳಿ. ಓಡಾಟ, ಊಟದಂಥ ತುರ್ತು ಖರ್ಚಿಗೂ ಸಮಿತಿ ಶಿಫಾರಸು ಮಾಡಬಹುದು. ಶಿಫಾರಸು ತಲುಪಿದ ಒಂದು ವಾರದೊಳಗೆ ಹಣ ಕೊಡಬೇಕೆಂಬುದು ನಿಯಮ. ಉಚಿತ ವಕೀಲರು ಬೇಕಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಕೋರ್ಟಿನಲ್ಲಿ ತಂಗಿಯೂ ಸಾಕ್ಷಿಯಾಗುವ ಸಾಧ್ಯತೆ ಇದೆ, ಆಗ ಮಗುವಿನ ಹೇಳಿಕೆಯ ಹೊತ್ತಿಗೆ ಅವರನ್ನು ಹೊರಗೆ ಕೂರಿಸಬಹುದು. ಮಗು ನಂಬುವವರು ಜೊತೆಗಿರಲು ಕಾನೂನಿನಲ್ಲಿ ಅವಕಾಶವಿದೆ. ನೀವೇ ಇರಬಹುದೇ ಎಂದು ಸರ್ಕಾರಿ ವಕೀಲರನ್ನು ಈಗಲೇ ಕೇಳಿಡಿ.

ಆ ಮನೆಯಲ್ಲಿ ಬೇರೆ ಮಕ್ಕಳಿದ್ದಾರೋ ನೀವು ಬರೆದಿಲ್ಲ. ಇದ್ದರೆ, ಯಾರೂ ಏನೂ ಹೇಳದಿದ್ದರೂ ಅವರಿಗೆ ಎಲ್ಲ ವಾಸನೆ ಬಡಿದಿರುತ್ತದೆ. ಒಂದು ಭಾನುವಾರ ಅವರನ್ನು ಪಣಂಬೂರು ಬೀಚಿಗೆ ಕರೆದುಕೊಂಡು ಹೋಗಿ. ಆ ಹೊತ್ತು ಪೂರ್ತಿ ಅವರದೇ ಆಗಿರಲಿ.