ಎಕೋ ನಾರ್ಮಲ್ ಬಂದ ಮೇಲೂ ಹೃದಯದ ಎಂಆರ್‌ಐ: ಡೈ ಬೇಡ ಅಂದಿದ್ದು ನನ್ನ ತಪ್ಪು

ಲೂಪಸ್ (ರೋಗನಿರೋಧಕ ಶಕ್ತಿ ನಮ್ಮ ದೇಹದ ಮೇಲೇ ತಿರುಗಿಬೀಳೋ ಕಾಯಿಲೆ) ಇದೆ, ಎದೆ ಹಿಡಿದಂತಾಗುತ್ತೆ, ಎಕೋ (ಹೃದಯದ ಅಲ್ಟ್ರಾಸೌಂಡ್) ನಾರ್ಮಲ್, ಈಗ ಹೃದಯದ ಎಂಆರ್‌ಐ ಬರೆದಿದ್ದಾರೆ, ದಾವಣಗೆರೆಯಲ್ಲೇ ಮಾಡಿಸಲಾ ಬೆಂಗಳೂರಿಗೆ ಹೋಗಲಾ ಅಂತ ಕೇಳಿದ್ದೀರಿ. ಮೂರು ವರ್ಷದ ಹಿಂದೆ ಇದೇ ಚೀಟಿ ನನ್ನ ಕೈಯಲ್ಲಿತ್ತು.

ಆಗ ನಿಟ್ಟುವಳ್ಳಿಯ ನಮ್ಮ ಮನೆ ಮೆಟ್ಟಿಲು ಹತ್ತುವಾಗ ಮಧ್ಯೆ ಒಮ್ಮೆ ನಿಲ್ಲುತ್ತಿದ್ದೆ. ಚೀಟಿಯಲ್ಲಿ ಕಾಂಟ್ರಾಸ್ಟ್ ಅಂತ ಬರೆದಿತ್ತು, ಅಂದರೆ ರಕ್ತನಾಳಕ್ಕೆ ಡೈ ಕೊಟ್ಟು ಸ್ಕ್ಯಾನ್ ಮಾಡೋದು. ನಮ್ಮತ್ತೆ "ಡೈ ಹಾಕಿದ್ರೆ ಕಿಡ್ನಿ ಹೋಗ್ತಾವಂತೆ ನೋಡವ್ವ" ಅಂದರು. ಲೂಪಸ್ ಕಿಡ್ನಿಗೂ ಬರುತ್ತೆ ಅಲ್ವಾ, ಹೆದರಿಬಿಟ್ಟೆ. ಸ್ಕ್ಯಾನ್ ಸೆಂಟರಿನಲ್ಲಿ ನಾನೇ ಡೈ ಬೇಡ ಅಂದೆ, ಅವರೂ ವೈದ್ಯರಿಗೆ ಒಂದು ಫೋನ್ ಮಾಡದೆ ಹಾಗೇ ಮಾಡಿ ಕಳಿಸಿದರು.

ಇದು ಎಂಥ ತಪ್ಪು ಅಂತ ಬಿಡಿಸಿ ಹೇಳಬೇಕು. ಎಕೋದಲ್ಲಿ ಹೃದಯ ಎಷ್ಟು ಪಂಪ್ ಮಾಡುತ್ತೆ, ಕವಾಟ ಹೇಗಿದೆ ಅನ್ನೋದು ಗೊತ್ತಾಗುತ್ತೆ. ಹೃದಯದ ಮಾಂಸಖಂಡದ ಒಳಗಿನ ಊತ, ಕಲೆ (ಗಾಯ ಮಾಗಿ ಉಳಿದ ಗುರುತು) ಚೆನ್ನಾಗಿ ಕಾಣೋದು ಎಂಆರ್‌ಐನಲ್ಲಿ. ಆ ಕಲೆ ಕಾಣಬೇಕಂದ್ರೆ ಗ್ಯಾಡೋಲಿನಿಯಂ ಡೈ ಬೇಕು: ಚೆನ್ನಾಗಿರೋ ಕಡೆಯಿಂದ ಡೈ ಬೇಗ ಹೋಗಿಬಿಡುತ್ತೆ, ಕಲೆ ಇರೋ ಕಡೆ ಉಳಿದುಕೊಳ್ಳುತ್ತೆ, ಸುಮಾರು 10 ನಿಮಿಷ ಬಿಟ್ಟು ತೆಗೆದ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತೆ. ನಾನು ಬೇಡ ಅಂದದ್ದು ಅದನ್ನೇ. ಡೈ ಕೊಟ್ಟಿಲ್ಲ, ಕಲೆ ಬಗ್ಗೆ ಹೇಳಲಾಗದು ಅಂತ ರಿಪೋರ್ಟಿನ ಕೊನೆ ಸಾಲಿನಲ್ಲಿತ್ತು. ನಾನು ಮೇಲಿದ್ದ ನಾರ್ಮಲ್ ಅನ್ನೋ ಪದ ಓದಿ ಫೈಲನ್ನು ಬೀರುವಿನಲ್ಲಿಟ್ಟೆ, ವೈದ್ಯರಿಗೂ ತೋರಿಸಲಿಲ್ಲ. ಒಂದು ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿದ್ದರೆ ಭಯ ಅವತ್ತೇ ಹೋಗುತ್ತಿತ್ತು. ಆ ಪರೀಕ್ಷೆಯಿಂದ ಲೆಕ್ಕ ಹಾಕೋ ಇಜಿಎಫ್ಆರ್ (ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತೆ ಅನ್ನೋ ಅಂಕಿ) 30ಕ್ಕಿಂತ ಕೆಳಗಿದ್ದವರಿಗೆ ಈ ಡೈ ಕೊಡುವಾಗ ಜಾಸ್ತಿ ಜಾಗ್ರತೆ ಬೇಕು, ಆಮೇಲೆ ಮಾಡಿಸಿದಾಗ ನನ್ನದು 90ರ ಮೇಲಿತ್ತು.

ಐದು ತಿಂಗಳಿಗೆ, ಮಲಗಿದರೆ ಉಸಿರು ಕಟ್ಟತೊಡಗಿತು. ರಾತ್ರಿ ರೈಲಿಗೆ ಬೆಂಗಳೂರು. ಈ ಸಲ ಡೈ ಕೊಟ್ಟು ಮಾಡಿದರು. ಊತವೂ ಇತ್ತು, ಕಲೆಯೂ ಇತ್ತು. ಸ್ಟೀರಾಯ್ಡ್ ಜಾಸ್ತಿ ಮಾಡಿದ ಮೇಲೆ ಊತ ಇಳಿಯಿತು. ಕಲೆ ಇನ್ನೂ ಇದೆ. ಆ ಐದು ತಿಂಗಳಲ್ಲಿ ಅದೆಷ್ಟು ಬೆಳೆಯಿತೋ ಅನ್ನೋದು ಈಗಲೂ ನನ್ನನ್ನು ಕಾಡುತ್ತೆ.

ಅದಕ್ಕೇ ದಾವಣಗೆರೆಯಾ ಬೆಂಗಳೂರಾ ಅನ್ನೋದು ಪ್ರಶ್ನೆಯೇ ಅಲ್ಲ ಅಂತೀನಿ. ಫೋನ್ ಮಾಡಿ ಕೇಳಿ: ಇಸಿಜಿ ವೈರ್ ಹಚ್ಚಿ ಎದೆಬಡಿತಕ್ಕೆ ಹೊಂದಿಸಿ ಮಾಡ್ತೀರಾ, ಡೈ ಕೊಟ್ಟು ತಡವಾಗಿ ಚಿತ್ರ ತೆಗೀತೀರಾ, ಟಿ1 ಟಿ2 ಮ್ಯಾಪಿಂಗ್ (ಮಾಂಸಖಂಡದ ಊತ, ಕಲೆಯನ್ನು ಅಳೆಯೋ ಎಂಆರ್‌ಐ ವಿಧಾನ) ಇದೆಯಾ? ಹೌದು ಅಂದರೆ ನಮ್ಮೂರೇ ಸಾಕು. ಇಲ್ಲಾಂದ್ರೆ ಸುಮ್ನೆ ಬೆಂಗಳೂರು ರೈಲು ಹತ್ತಿ. ಎದೆನೋವು ಈಗಲೂ ಇದ್ದರೆ ಮಾತ್ರ ಸ್ಕ್ಯಾನಿಗೆ ಕಾಯಬೇಡಿ, ಇವತ್ತೇ ಆಸ್ಪತ್ರೆಗೆ ಹೋಗಿ ಇಸಿಜಿ, ಟ್ರೋಪೋನಿನ್ (ಹೃದಯದ ಮಾಂಸಖಂಡಕ್ಕೆ ಪೆಟ್ಟಾಗಿದೆಯಾ ಅಂತ ತೋರಿಸೋ ರಕ್ತಪರೀಕ್ಷೆ) ಮಾಡಿಸಿ. ಎಂಆರ್‌ಐ ರಿಪೋರ್ಟ್ ಬಂದ ದಿನವೇ, ನಾರ್ಮಲ್ ಅಂತಿದ್ದರೂ, ಬರೆದುಕೊಟ್ಟ ವೈದ್ಯರ ಕೈಗೇ ಕೊಡಿ.